ಎಡಕ್ಕೆ ಸುತ್ತಿದ ಬಿಳಿ ಎಳೆ

ವೆನಿಸ್‌ನ ದೋಣಿ ಗಾಜಿನ ಕುಲುಮೆಗಳ ದ್ವೀಪ ಮುರಾನೋದ ಕಟ್ಟೆಗೆ ತಾಗುವ ಮೊದಲೇ ಒರ್ನೆಲ್ಲಾ ಎದ್ದು ನಿಂತಿದ್ದಳು. ಕೂತರೆ ನಿಂತರೆ ಸಮಾಧಾನವಿಲ್ಲ. ಕಂಕುಳಲ್ಲಿ ಶಾಲು ಸುತ್ತಿದ ಗಾಜಿನ ಹೂದಾನಿ. ಅದರ ತಳದಲ್ಲಿ ಸಹಿಯಿಲ್ಲ, ಗುರುತಿಲ್ಲ. ಹರಾಜು ಅಂಗಡಿಯ ಯಜಮಾನ ಗಸ್ತೋನೆ ಇದು ತೀರಿಹೋದ ದೊಡ್ಡ ಮೇಸ್ತ್ರಿ ಒರ್ಸೋ ಬಾರ್ಬಿನರ ಕೆಲಸವೆಂದು ಗಿರಾಕಿಗೆ ಆಗಲೇ ಹೇಳಿಬಿಟ್ಟಿದ್ದ. ಅವನ ಅಂಗಡಿಯಲ್ಲಿ ಗಾಜು ಪರೀಕ್ಷಿಸುವವಳು ಅವಳು. ಮಧ್ಯಾಹ್ನದೊಳಗೆ ಹೂಂ ಅನ್ನಬೇಕು. ಇಲ್ಲವೆಂದರೆ ಕೆಲಸಕ್ಕೇ ಸಂಚಕಾರ.

ಬಾರ್ಬಿನ್ ಕುಲುಮೆಯಲ್ಲಿ ಯಾರೂ ಸಹಿ ಹಾಕುತ್ತಿರಲಿಲ್ಲ. ಯಾರು ಮಾಡಿದರೂ ಯಜಮಾನನದೇ ಹೆಸರು. ಆದರೆ ಈ ಗಾಜಿನೊಳಗಿನ ಬಿಳಿ ಎಳೆಗಳು ಎಡಕ್ಕೆ ಸುತ್ತಿದ್ದವು. ಅಲ್ಲಿ ಎಡಗೈಯವನು ಒಬ್ಬನೇ, ಒರ್ಸೋರ ಅಣ್ಣನ ಮಗ ಸಾಂತೆ. ಎರಡು ವರ್ಷದಿಂದ ಅವಳನ್ನು ಕಂಡಾಗಲೆಲ್ಲ ಕಿವಿ ಕೆಂಪಗೆ ಮಾಡಿಕೊಂಡು ಬರೀ ಗಾಳಿ ಮಳೆಯ ಮಾತಾಡುವ ಮಹಾನುಭಾವ! ಹೂದಾನಿ ಬಂದಿದ್ದು ಇಲಾರಿಯಾ ಎಂಬ ಚೆಲುವೆಯ ಮನೆಯಿಂದ. ಒರ್ನೆಲ್ಲಾಳ ಹೊಟ್ಟೆಗೆ ಕಿಚ್ಚು ಬಿದ್ದಿದ್ದು ಅದಕ್ಕೇ.

ಸಾಂತೆ ಕುಲುಮೆಯ ಮುಂದೆ ಕೂತು ಕೊಳವೆ ತಿರುಗಿಸುತ್ತಿದ್ದ. ತುದಿಯಲ್ಲಿ ಕಾದ ಗಾಜು ಜೇನಿನಂತೆ ತೊನೆಯುತ್ತಿತ್ತು. ತಿರುಗಿಸುವುದು ನಿಂತರೆ ಕೆಲಸ ಕೆಟ್ಟಂತೆ, ಹಾಗಾಗಿ ಎದ್ದು ಓಡುವಂತಿಲ್ಲ. ಇದನ್ನೇ ನೋಡಿಕೊಂಡು ಅವಳು ಎದುರಿಗೆ ನಿಂತಳು.

"ಇದ್ಯಾರ ಕೈಕೆಲಸ? ಹೇಳು."

ಅವನು ಓರೆಗಣ್ಣಲ್ಲಿ ಹೂದಾನಿ ನೋಡಿದ, ಆಮೇಲೆ ಅವಳನ್ನು. "ಚಿಕ್ಕಪ್ಪಂದು ಅಂದ್ಬಿಡು, ಎಲ್ರಿಗೂ ಖುಷಿ. ಇವತ್ತು ಗಾಳಿ ಜೋರು ಅಲ್ವಾ?"

"ನಿನ್ನ ಗಾಳಿ ಹಾಳಾಗ್ಲಿ! ಇದು ನಿಂದು. ಇಲಾರಿಯಾಗೆ ಮಾಡ್ಕೊಟ್ಟಿದ್ದು. ಹೌದೋ ಅಲ್ವೋ?"

ಅವನ ಕೈ ನಿಂತೇಹೋಯಿತು. ಗಾಜು ಸೊಟ್ಟಗೆ ಜೋತು ನೆಲಕ್ಕಿಳಿಯಿತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ಹೌದು. ಆಗಿನ್ನೂ ಮೀಸೆ ಚಿಗುರಿರಲಿಲ್ಲ ನಂಗೆ. ಅವಳು ಹೂವಿನ ಬದ್ಲು ಇದ್ರಲ್ಲಿ ಸೌಟು ನಿಲ್ಲಿಸ್ಕೊಂಡ್ಲು."

ಒರ್ನೆಲ್ಲಾಗೆ ನಗು ಉಕ್ಕಿತು, ಹಿಂದೆಯೇ ಅಳುವೂ. "ನಂಗೊಂದು ಲೋಟಾನೂ ಮಾಡ್ಕೊಟ್ಟಿಲ್ವಲ್ಲೋ ನೀನು!"

"ಮಾಡ್ತಾನೇ ಇರ್ತೀನಿ, ಒಡೆದು ಹಾಕ್ತಾನೇ ಇರ್ತೀನಿ. ನೀನು ಸಾಸಿವೆಯಷ್ಟು ಗುಳ್ಳೆ ಇದ್ರೂ ಹಿಡೀತೀಯ ಮಾರಾಯ್ತಿ. ಧೈರ್ಯ ಎಲ್ಲಿಂದ ತರ್ಲಿ?"

"ಗುಳ್ಳೆ ಇದ್ರೆ ಇರ್ಲಿ, ಪೆದ್ದ! ನೀನಂದ್ರೆ ಪ್ರಾಣ ನಂಗೆ."

ಸಾಂತೆಯ ಕಿವಿ ಮಾತ್ರವಲ್ಲ, ಕತ್ತೂ ಕೆಂಪಾಯಿತು. "ನಂಗೂ" ಎಂದ. "ಮೊದಲ್ನೇ ದಿನದಿಂದ್ಲೂ." ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅವನು ಗಾಬರಿಯಾದ. "ಚಿಕ್ಕಪ್ಪನ ಹೆಸರೇ ಹೇಳೇ. ನಿನ್ನ ಕೆಲ್ಸ ಹೋಗುತ್ತೆ."

"ಒರ್ಸೋ ಬಾರ್ಬಿನ್ ತಾನೇ? ಬರ್ಕೊಳ್ಲಾ?" ಅತ್ತ ಗಸ್ತೋನೆಯ ಅವಸರದ ದನಿ.

"ಅಲ್ಲ ಸರ್. ಸಾಂತೆ ಬಾರ್ಬಿನ್."

"ಯಾರಮ್ಮಾ ಅವನು? ಹೆಸರೇ ಕೇಳಿಲ್ಲ!"

ಒರ್ನೆಲ್ಲಾ ಸಾಂತೆಯ ಸುಟ್ಟ ಗಾಯಗಳ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನು ಮದುವೆ ಆಗೋ ಹುಡುಗ. ಬರ್ಕೊಳ್ಳಿ."