ಆ ಜಾಯಿಂಟ್ ಯಾರದು?

"ಬಾಯಿಂದ ತೆಗೀರಿ ಅದನ್ನ."

ರೂಪಶ್ರೀ ಕೆಲಸಕ್ಕೆ ಸೇರಿದ ಮೊದಲ ದಿನ ಆಡಿದ ಮೊದಲ ಮಾತು ಅದು. ಹುಣಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯ ಮೋಟಾರ್ ರಿಪೇರಿ ಅಂಗಡಿಯಲ್ಲಿ ಉದ್ದನೆಯ ಹುಡುಗನೊಬ್ಬ ವೈರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಸುಲಿಯುತ್ತಿದ್ದ. ಅವನು ತಲೆಯೆತ್ತಿದ. ವೈರು ಬಾಯಲ್ಲಿ ಹಾಗೇ ಇತ್ತು.

ಹಲ್ಲು ಇರುವುದು ಊಟ ಮಾಡುವುದಕ್ಕೆ ಎಂದು ಅವಳು ಗದರಿದಳು.

"ಮುದ್ದೆ ನುಂಗಕ್ಕೆ ಅಲ್ಲು ಯಾಕ್ರೀ ಬೇಕು? ಸುಮ್ನೆ ಬಿದ್ದಿದ್ವು, ಅದ್ಕೇ ಕೆಲ್ಸ ಕೊಟ್ಟಿವ್ನಿ."

ನಗಬಾರದು ಎಂದುಕೊಂಡಳು... ನಕ್ಕುಬಿಟ್ಟಳು. ಬ್ಯಾಗಿನಿಂದ ತನ್ನ ಸ್ಟ್ರಿಪ್ಪರ್ ತೆಗೆದು ಅವನ ಕೈಗಿಟ್ಟಳು.

ಇಕ್ಕಳದಂಥ ಒಂದೇ ಸಾಮಾನು. ವೈರು ಕತ್ತರಿಸುವುದು, ಸಿಪ್ಪೆ ಸುಲಿಯುವುದು, ಎರಡು ವೈರು ಕೂಡಿಸುವ ಜಾಯಿಂಟಿನ ತಾಮ್ರದ ಕೊಳವೆಯನ್ನು ಅದುಮಿ ಬಿಗಿ ಮಾಡುವುದು, ಎಲ್ಲ ಅದರಲ್ಲೇ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿದ್ದಾಗ ಮೊದಲ ಸ್ಟೈಪೆಂಡಿನಲ್ಲಿ ಕೊಂಡದ್ದು. ಸ್ವಂತ ಅಣ್ಣನಿಗೂ ಮುಟ್ಟಗೊಟ್ಟವಳಲ್ಲ. ಗುರುತಿಲ್ಲದ ಹುಡುಗನಿಗೆ ಯಾಕೆ ಕೊಟ್ಟಳೋ ಅವಳಿಗೇ ತಿಳಿಯಲಿಲ್ಲ. ನಮಗೆ ತಿಳಿಯಿತು ಬಿಡಿ.

ಹುಡುಗನ ಹೆಸರು ನಂಜುಂಡೇಶ್. ಒಂದೊಂದು ದಪ್ಪದ ವೈರಿಗೂ ಸ್ಟ್ರಿಪ್ಪರಿನಲ್ಲಿ ಒಂದೊಂದು ತೂತಿದೆ ಎಂದು ಅವಳೇ ಅವನಿಗೆ ಕಲಿಸಿದಳು. ದಪ್ಪ ವೈರನ್ನು ಸಣ್ಣ ತೂತಿಗೆ ಹಾಕಿ ಎಳೆದರೆ ಸಿಪ್ಪೆಯ ಜೊತೆ ತಾಮ್ರದ ಎಳೆಗಳೂ ಕಡಿದುಹೋಗುತ್ತವೆ, ಉಳಿದ ನಾಲ್ಕೆಳೆ ಕರೆಂಟು ತಾಳಲಾರದೆ ಕಾದು ಸುಡುತ್ತವೆ ಎಂದು ಹತ್ತು ಸಲ ಹೇಳಿದಳು. ಅವಳು ಪಕ್ಕದಲ್ಲಿ ಕೂತು ಹೇಳಲಿ ಎಂದೇ ಅವನು ಹನ್ನೊಂದನೇ ಸಲ ಕೇಳುತ್ತಿದ್ದ.

ಒಮ್ಮೆ ಕಂಬದ ಮೇಲಿಂದ ಬಿದ್ದು ಸ್ಟ್ರಿಪ್ಪರಿನ ಅದುಮುವ ಭಾಗ ಚೂರು ಮುಕ್ಕಾಗಿತ್ತು. ಅಂದಿನಿಂದ ಅದು ಒತ್ತಿದ ಪ್ರತಿ ಕೊಳವೆಯ ಮೇಲೂ ತೆಳ್ಳಗಿನ ಗೀರೊಂದು ಬೀಳುತ್ತಿತ್ತು. ಆ ಗೀರು ಕಂಡರೆ ಸಾಕು, ಇದು ರೂಪಾ ಹಾಕಿದ ಜಾಯಿಂಟು, ಬಿಚ್ಚಿ ನೋಡುವ ಹಾಗಿಲ್ಲ ಎಂದು ಮಾಲೀಕರಾದ ಮಹದೇವಪ್ಪನವರು ಗಿರಾಕಿಗಳಿಗೆ ಹೇಳುತ್ತಿದ್ದರು. ಬೋರ್‌ವೆಲ್ ಕೆಲಸಕ್ಕೆ ಹೊಲಕ್ಕೆ ಹೋಗುವ ಹುಡುಗಿ ಸುತ್ತಮುತ್ತ ಅವಳೊಬ್ಬಳೇ. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ವರ್ಷ ಕಳೆಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ತೆರೆಯಲಿದ್ದ ಹೊಸ ಅಂಗಡಿಯನ್ನು ಮಹದೇವಪ್ಪನವರು ನಂಜುಂಡೇಶನಿಗೆ ವಹಿಸುವುದೆಂದು ಮಾತಾಗಿತ್ತು. ಅದು ಕೈಗೆ ಬಂದ ದಿನವೇ ನಿಮ್ಮ ಮನೆಗೆ ಹೆಣ್ಣು ಕೇಳಲು ಬರುತ್ತೇನೆ ಎಂದು ಅವನು ಹೇಳಿದ್ದ. ಅವಳು ಮನಸ್ಸಿನಲ್ಲೇ ಸೀರೆಯ ಬಣ್ಣವನ್ನೂ ಆರಿಸಿಯಾಗಿತ್ತು.

ಆಗ ರುಕ್ಮಿಣಮ್ಮನವರ ಮೋಟಾರ್ ಸುಟ್ಟುಹೋಯಿತು.

ಹ್ಯಾಂಡ್‌ಪೋಸ್ಟ್ ಹತ್ತಿರ ಅವರ ಶುಂಠಿ ಹೊಲ. ರೂಪಶ್ರೀ, ನಂಜುಂಡೇಶ್ ಸೇರಿ ಬೋರಿಗೆ ಮೋಟಾರ್ ಇಳಿಸಿ ಹನ್ನೆರಡು ದಿನವೂ ಆಗಿರಲಿಲ್ಲ. ಪೈಪುಗಳನ್ನೆಲ್ಲ ಎತ್ತಿ, ಜಾಯಿಂಟಿನ ಟೇಪು ಕುಯ್ದು ನೋಡಿದರೆ ಒಳಗೆಲ್ಲ ಕಪ್ಪು. ಅರ್ಧಕ್ಕರ್ಧ ಎಳೆಗಳೇ ಇಲ್ಲ. ಕೊಳವೆಯ ಮೇಲೆ ಆ ಗೀರು.

"ನಿನ್ನ ಕೈಲಿ ಇಂಥಾ ಕೆಲ್ಸನಾ, ರೂಪಾ?" ಎಂದರು ಮಹದೇವಪ್ಪ.

ಮೋಟಾರ್ ಇಳಿಸಿದ ದಿನ ಅವಳು ಶೆಡ್ಡಿನೊಳಗೆ ಸ್ಟಾರ್ಟರ್ ಕೂರಿಸುತ್ತಿದ್ದಳು. ಒಂದು ಗಂಟೆಗೆ ತ್ರೀ ಫೇಸ್ ಕರೆಂಟ್ ಹೋಗಿಬಿಡುತ್ತದೆ, ಅಷ್ಟರಲ್ಲಿ ನೀರು ತೆಗೆದು ತೋರಿಸಬೇಕು ಎಂದು ನಂಜುಂಡೇಶ್ ಅವಳ ಸ್ಟ್ರಿಪ್ಪರ್ ಇಸಿದುಕೊಂಡು ಬೋರಿನ ಹತ್ತಿರ ಓಡಿದ್ದ. ಅವಸರದಲ್ಲಿ ಸಣ್ಣ ತೂತಿಗೆ ಹಾಕಿ ಎಳೆದಿದ್ದಾನೆ ಎಂದು ಅವಳಿಗೆ ಈಗ ನೋಡಿದ ತಕ್ಷಣ ಗೊತ್ತಾಯಿತು.

"ಇದು ನಾನ್ ಆಕಿದ್ದಲ್ಲ ಅಣ್ಣ," ಎಂದಳು. ಹೆಸರು ಹೇಳಲಿಲ್ಲ. ಅವನೇ ಹೇಳಲಿ... ಹೇಳುತ್ತಾನೆ.

ಮಹದೇವಪ್ಪ ಅವನ ಕಡೆ ತಿರುಗಿದರು. "ನೀನೂ ಇದ್ದಲ್ಲ. ಯಾರ್ಲಾ ಆಕಿದ್ದು?"

ನಂಜುಂಡೇಶ್ ಹಗ್ಗ ಸುತ್ತುತ್ತಿದ್ದ. ಸುತ್ತುತ್ತಲೇ ಹೇಳಿದ. "ನಾನು ಪೈಪ್ ತಾವ ಇದ್ದೆ. ನೋಡ್ನಿಲ್ಲ ಕಣಣ್ಣ."

ಅಷ್ಟೇ. ಆಗ ರೂಪಶ್ರೀ ಆ ದಿನ ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಆದರೆ ಸಿಕ್ಕಿಬಿದ್ದವಳು ಇನ್ನೊಬ್ಬನ ಮೇಲೆ ಹಾಕುತ್ತಿದ್ದಾಳೆ ಎಂದೇ ಎಲ್ಲರಿಗೂ ಅನಿಸಿತು. ಗೀರು ಕಣ್ಣೆದುರೇ ಇತ್ತಲ್ಲ! ಇನ್ನು ಮುಂದೆ ಹೊಲಕ್ಕೆ ಬರುವುದು ಬೇಡ, ಕೌಂಟರಿನಲ್ಲಿ ಕೂತು ಸ್ವಿಚ್ಚು, ಬಲ್ಬು ಮಾರಿಕೊಂಡಿರು ಎಂದು ಮಹದೇವಪ್ಪ ಹೇಳಿಬಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎನ್ನುವಂತಿತ್ತು. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಸಂಜೆ ಅವನು ಬಸ್ ನಿಲ್ದಾಣದವರೆಗೆ ಹಿಂದೆಯೇ ಬಂದ.

"ರೂಪಾ, ಒಂದ್ ಮಾತು ಕೇಳು. ನಾನು ಒಪ್ಕಂಡಿದ್ರೆ ಆ ಅಂಗ್ಡಿ ಓಗದು. ನೀನಂದ್ರೆ ಅಣ್ಣಂಗೆ ಮಗಳಿದ್ದಂಗೆ, ನಿಂಗೇನೂ ಆಗಾಕಿಲ್ಲ ಅನ್ಕಂಡೆ. ಎಲ್ಲಾ ನಮ್ಮಿಬ್ಬರ್ಗೋಸ್ಕರಾನೇ..."

"ನನ್ನ ಕೆಲ್ಸ ಕಿತ್ಕಂಡು, ಆಮೇಲೆ ನನ್ನ ಕೇಳಕ್ಕೆ ಬತ್ತೀರಾ?"

ಅವಳ ಬಾಯಲ್ಲಿ ಮತ್ತೆ ಬಹುವಚನ ಬಂದಿತ್ತು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಅಳು ಬರಲಿಲ್ಲ. 'ಎಳೆ ಕಡಿದದ್ದು ಅವಸರದ ತಪ್ಪು, ಅದನ್ನು ಆ ದಿನವೇ ಮರೆಯುತ್ತಿದ್ದೆ... ಆ ಸುಳ್ಳನ್ನು ಹೇಗೆ ಮರೆಯಲಿ?' ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು.

ಆರು ದಿನ ಕೌಂಟರಿನಲ್ಲಿ ಕೂತಳು. ಗಿರಾಕಿಗಳು ಅವಳ ಎದುರಿಗೇ, ಜಾಯಿಂಟಿಗೆ ಆ ಹುಡುಗಿಯನ್ನು ಮಾತ್ರ ಕಳಿಸಬೇಡಿ ಎನ್ನುತ್ತಿದ್ದರು. ನಂಜುಂಡೇಶ್ ಟೀ ತಂದಿಟ್ಟರೆ ಅದು ಆರುವವರೆಗೆ ಹಾಗೇ ಇರುತ್ತಿತ್ತು. ಅವನನ್ನು ದ್ವೇಷಿಸಬೇಕು ಎಂದು ದಿನವೂ ಬೆಳಿಗ್ಗೆ ತೀರ್ಮಾನ ಮಾಡುತ್ತಿದ್ದಳು. ಅವನ ಬೈಕಿನ ಸದ್ದು ಕೇಳಿದರೆ ಎದೆ ಹಾಳಾದ್ದು ಹೊಡೆದುಕೊಳ್ಳುತ್ತಿತ್ತು.

ಏಳನೇ ದಿನ ರುಕ್ಮಿಣಮ್ಮನವರಿಂದಲೇ ಫೋನ್ ಬಂತು.

"ಬಾ ಮಗ. ಒಸಾ ಮೋಟ್ರು ಬಂದದೆ. ಜಾಯಿಂಟು ನೀನೇ ಆಕ್ಬೇಕು."

ಯಾಕೆ, ಏನು ಎಂದು ಅವಳಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಹೊಲದಲ್ಲಿ ನಡೆದದ್ದನ್ನು ಆ ತಾಯಿಯೇ ಬಿಡಿಸಿ ಹೇಳಿದರು. ಮಹದೇವಪ್ಪನವರು, ಊರಿನ ನಾಲ್ಕು ಜನ, ಎಲ್ಲರೂ ಇದ್ದರಂತೆ. ನಂಜುಂಡೇಶ್ ಹೊಸ ಕೇಬಲ್ಲಿನ ತುದಿಯನ್ನು ಎಲ್ಲಿಂದಲೋ ತಂದ ಸ್ಟ್ರಿಪ್ಪರಿನ ಸಣ್ಣ ತೂತಿಗೆ ಹಾಕಿ ಎಳೆದು, ಉದುರಿದ ಎಳೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದನಂತೆ. ಅವತ್ತು ಹೀಗೆ ಮಾಡಿದವನು ನಾನು, ಸುಳ್ಳು ಹೇಳಿದವನೂ ನಾನು, ಆ ಹುಡುಗಿಯ ತಪ್ಪು ಒಂದೂ ಇಲ್ಲ ಎಂದನಂತೆ. ಮಹದೇವಪ್ಪನವರು ಅಲ್ಲೇ ಹೊಸ ಅಂಗಡಿಯ ಮಾತು ಮುರಿದರಂತೆ.

ರೂಪಶ್ರೀ ಹೋದಾಗ ಮಹದೇವಪ್ಪ ಅವಳ ಮುಖ ನೋಡಲಾರದೆ, ನಾನು ನಿನ್ನ ಮಾತು ಕೇಳಬೇಕಿತ್ತು ಕಣವ್ವ ಎಂದರು. ನಂಜುಂಡೇಶ್ ದೂರದಲ್ಲಿ ಬದುವಿನ ಮೇಲೆ ಕೂತಿದ್ದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಅವನಿಗೆ ಹೇಳಿಯಾಗಿತ್ತು. ಆದರೂ ಅವನು ಎದ್ದು ಹೋಗಿರಲಿಲ್ಲ.

ಅವಳು ಕೇಬಲ್ಲಿನ ಮುಂದೆ ಕೂತಳು. ಜಾಯಿಂಟ್ ಹಾಕಲು ಒಬ್ಬರು ಎರಡು ತುದಿಗಳನ್ನೂ ಅಲುಗದಂತೆ ಹಿಡಿಯಬೇಕು. ಮಹದೇವಪ್ಪ ಬಗ್ಗಿದರು.

"ನೀವ್ ಬುಡಿ ಅಣ್ಣ," ಎಂದು ಅವಳು ಬದುವಿನ ಕಡೆ ತಿರುಗಿದಳು. "ಇಡಿಯಕ್ಕೆ ಬಾ."

ಅವನು ಬಂದ. ಹಿಡಿದ. ಮೂರು ವೈರು, ಮೂರು ಕೊಳವೆ. ಅವಳು ಟೇಪು ಸುತ್ತಿ ಮುಗಿಸಿದಳು.

ಮೋಟಾರ್ ಇಳಿಸಿ ಸ್ವಿಚ್ಚು ಹಾಕಿ ನೀರು ಬಂದಾಗ ಎಲ್ಲರೂ ಪೈಪಿನ ಕಡೆ ಓಡಿದರು. ಅವರಿಬ್ಬರೇ ಉಳಿದರು.

"ಅಂಗ್ಡಿ ಇಲ್ಲ, ಕೆಲ್ಸಾನೂ ಇಲ್ಲ," ಎಂದ ಅವನು. "ಇನ್ನು ನಿಮ್ಮನೆ ಬಾಗ್ಲಿಗೆ ಬರಕ್ಕೆ ಮೊಕಾನೂ ಇಲ್ಲ. ಆದ್ರೂ ಕೇಳ್ತೀನಿ ರೂಪಾ... ಕ್ಷಮಿಸ್ತೀಯಾ?"

"ಇವತ್ತು ಆಗಾಕಿಲ್ಲ."

ಅವನು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡ.

"ನಿನ್ನ ಮರೀಬೇಕು ಅಂತ ಆರು ದಿನ ಒದ್ದಾಡ್ದೆ," ಎಂದಳು. ಇಷ್ಟು ದಿನ ಬಾರದ ಅಳು ಈಗ ಬಂತು. "ಅದೂ ಆಗ್ನಿಲ್ಲ. ಏನ್ ಮಾಡ್ಲಿ ನಾನು?"

"ನಂಗೆ ಗೊತ್ತಿಲ್ಲ ಕಣೇ."

ಅವಳು ಕಣ್ಣೊರೆಸಿಕೊಂಡು ಸಾಮಾನು ಚೀಲಕ್ಕೆ ತುಂಬಿದಳು. ಚೀಲವನ್ನು ಅವನ ಕೈಗೆ ಕೊಟ್ಟಳು.

"ನಾಳೆ ಕಂಪಲಾಪುರದಲ್ಲಿ ಎರಡು ಬೋರ್ ಅವೆ. ಅಣ್ಣನ ಅತ್ರ ನಾನ್ ಮಾತಾಡ್ತೀನಿ. ಅವ್ರು ಒಪ್ಪದೆ ಇದ್ರೂ ವೈರ್ ಇಡಿಯಕ್ಕೆ ನಂಗೆ ಒಬ್ರು ಬೇಕು."

"ನಾಡಿದ್ದು?"

"ನಾಡಿದ್ದೂ ಬೇಕು."