ಮಹಡಿ ಕೋಣೆಯ ಸ್ವರ

“ಮುರಿದಿಟ್ಟು ಮಂಡಕ್ಕಿ ತಿನ್ನಾಕೆ ಹೋಗಿದ್ಯೇನು? ನಾಚಿಕೆ ಆಗಲ್ವಾ ನಿನಗೆ?”

“ನಾನು ಮುರಿದಿಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರಿ? ಹೋಗುವಾಗ ನೆಟ್ಟಗಿತ್ತು. ಬಂದು ನೋಡಿದ್ರೆ ಹಿಂಗಾಗಿತ್ತು.”

“ಗಿಟಾರಿಗೆ ಕಾಲು ಬಂದು ಎದ್ದು ಬಿತ್ತೇನು? ಹರಿಹರದಿಂದ ಕರೆಸಿ ಮುಂದಿನ ಸಾಲಿಗೆ ನಿಲ್ಲಿಸಿದ್ನಲ್ಲ, ನನ್ನ ಕೆರ ತಗಂಡು ನಾನೇ ಹೊಡ್ಕೋಬೇಕು!”

ಪಿ.ಜೆ. ಬಡಾವಣೆಯ ಆ ಮನೆಯಲ್ಲಿ ಮಾತು ಕೆರದವರೆಗೆ ಬಂದ ಹೊತ್ತಿಗೆ ಲಿಂಗಣ್ಣ ನೇತ್ರಾವತಿಯವರ ಬೆನ್ನಿಗೇ ಹೊಸಿಲು ದಾಟಿದ. ಅಡುಗೆಯ ಅಂಜಿನವ್ವ ಓಡಿಬಂದು ಎದುರಿಗಿದ್ದ ಅವರ ಮನೆಯ ಬಾಗಿಲು ಬಡಿದಿದ್ದಳು. ಜಗಳವೆಂದರೆ ಲಿಂಗಣ್ಣನಿಗೆ ಚಪ್ಪಲಿ ಹುಡುಕುವಷ್ಟೂ ತಾಳ್ಮೆ ಇರಲಿಲ್ಲ. ಬರಿಗಾಲಲ್ಲೇ ಬಂದಿದ್ದ.

ನೇತ್ರಾವತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು ನಿವೃತ್ತರಾದವರು. ಬಡಾವಣೆಯಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಗೂಬೆ ಕೂರಿಸಿದರೂ ಜನ ಪೊಲೀಸರಿಗಿಂತ ಮೊದಲು ಅವರ ಮನೆಗೆ ಬರುತ್ತಿದ್ದರು. ಅವರ ಬಾಡಿಗೆದಾರ ಲಿಂಗಣ್ಣ ಹಳೆಯ ಬಸ್ ಡ್ರೈವರ್. ಆ ಪತ್ತೇದಾರಿಕೆಗೆ ಕಾಲು, ಸ್ಕೂಟರು, ಬಾಯಿ ಮೂರೂ ಅವನೇ.

ಮನೆಯ ಯಜಮಾನ ಕರಿಬಸವರಾಜ. ಮಂಡಿಪೇಟೆಯಲ್ಲಿ ಸಗಟು ಬೇಳೆ ವ್ಯಾಪಾರ, ಜೊತೆಗೆ ಒಂದು ಆರ್ಕೆಸ್ಟ್ರಾ. ಎದುರು ನಿಂತಿದ್ದವಳು ಅಂಬಿಕಾ, ಹರಿಹರದ ಕೂಲಿ ಮನೆಯ ಹುಡುಗಿ. ಮೂಲೆಯ ಕುರ್ಚಿಯ ಮೇಲೆ ಕುತ್ತಿಗೆ ಮುರಿದ ಕಂದು ಗಿಟಾರ್. ಕರಿಬಸವರಾಜ ಪ್ರಾಯದಲ್ಲಿ ಅದನ್ನು ಬಾರಿಸಿಯೇ ಊರೂರು ಸುತ್ತಿದ್ದ. ಅಂದು ರಾತ್ರಿ ಹರಿಹರದ ಕಾರ್ಯಕ್ರಮದಲ್ಲಿ ಅಂಬಿಕಾ ಮೊದಲ ಸಲ ಅದನ್ನು ಹಿಡಿದು ಮುಂದೆ ನಿಲ್ಲಬೇಕಿತ್ತು.

“ಗ್ರೂಪಿನಾಗೆ ವಾಯ್ಸ್ ಹಾಕಿಬಿಟ್ಟೀನ್ರಿ” ಎಂದು ಕರಿಬಸವರಾಜ ಮೊಬೈಲು ಎತ್ತಿ ತೋರಿಸಿದ. “ಈಕೆ ಗಿಟಾರ್ ಮುರಿದಾಳೆ, ಯಾರೂ ಕೆಲಸ ಕೊಡಬ್ಯಾಡ್ರಿ ಅಂತ. ಸುತ್ತಮುತ್ತಲ ಆರ್ಕೆಸ್ಟ್ರಾದೋರೆಲ್ಲ ಅದರಾಗೆ ಅದಾರೆ.”

ಹರಿಹರದಲ್ಲಿ ಅಂಬಿಕಾಳ ತಾಯಿ ಆಗಲೇ ನೆರೆಹೊರೆಯವರನ್ನೆಲ್ಲ ಕಾರ್ಯಕ್ರಮಕ್ಕೆ ಕರೆದಾಗಿತ್ತು.

“ಗಿಟಾರು ಮುರಿದರೆ ಅಂಟಿಸಬಹುದು ಸಾವ್ಕಾರ್ರೆ” ಎಂದರು ನೇತ್ರಾವತಿ. “ಹೆಸರು ಅಂಟಿಸಾಕೆ ಬರಲ್ಲ. ಕೂಡ್ರಿ. ಆಗ ಮನ್ಯಾಗೆ ಯಾರ್ಯಾರಿದ್ರಿ?”

ಕರಿಬಸವರಾಜ ಒಳಕೋಣೆಯಲ್ಲಿ ಅಡ್ಡಾಗಿದ್ದ. ಅಂಜಿನವ್ವ ಅಡುಗೆಮನೆಯಲ್ಲಿದ್ದಳು. ಮಗ ವೀರೇಶ್ ಮಹಡಿಯ ಕೋಣೆಯಲ್ಲಿದ್ದ. ಅಂಬಿಕಾ ಹಜಾರದಲ್ಲಿ ಅಭ್ಯಾಸ ಮುಗಿಸಿ, ಗಿಟಾರ್ ಕುರ್ಚಿಗೆ ಒರಗಿಸಿ, ಮೂಲೆ ಅಂಗಡಿಗೆ ಹೋಗಿದ್ದಳು.

“ಮಗ ಕೆಳಗೆ ಬಂದಿದ್ನಾ?”

“ಅವನೆಲ್ಲಿ ಬರ್ತಾನೆ! ನೆತ್ತಿ ಮೇಲೆ ಗುಂಯ್ ಅಂತ ಹಚ್ಚಿದ್ದ. ಹಣೆಗೆ ವಿಭೂತಿ ಇಲ್ಲ, ಕೈಗೆ ಲೆಕ್ಕ ಇಲ್ಲ, ಕಾಲೇಜು ಸೇರಿದ ಮೇಲೆ ದೇವರ ಕೋಣೆ ಕಡೆ ತಲೆ ಹಾಕಿಲ್ಲ. ಒಂದು ಡಬ್ಬಿ ಕಟ್ಕೊಂಡು ಕೂತಾನೆ. ಅದಕ್ಕೆ ನನ್ನ ಗಿಟಾರ್ ಜೋಡಿಸಿದ್ರೆ ಎರಡನ್ನೂ ಬೀದಿಗೆ ಎಸೀತೀನಿ ಅಂದೀನಿ. ನಾನು ಮಾತ್ರ ಸೋಮವಾರ ಸೋಮವಾರ ತಕ್ಕಡಿಗೆ ಹೆಂಗೋ ಹಂಗೆ ಗಿಟಾರಿಗೂ ವಿಭೂತಿ ಹಚ್ಚೋನು. ಇವತ್ತು ಬೆಳಿಗ್ಗೆನೂ ಹಚ್ಚೀನಿ.”

ನೇತ್ರಾವತಿ ಮುರಿದ ಗಿಟಾರಿನ ಮೇಲೆ ಬಾಗಿದರು. ಬಿರಡೆಗಳಿರುವ ತಲೆಯ ಹಿಂಬದಿಯಲ್ಲಿ ವಿಭೂತಿಯ ಮೂರು ಪಟ್ಟೆ ಉಜ್ಜಿಹೋಗಿ ಕಲಸಿಕೊಂಡಿದ್ದವು. ಅಂಚಿನಲ್ಲಿ ಕೆಂಪು ಹುಡಿ.

“ಕುಂಕುಮ” ಎಂದ ಲಿಂಗಣ್ಣ.

“ನೀನು ಹಿತ್ತಲಿಗೆ ಹೋಗಿ ಒಂದು ಸುತ್ತು ಹಾಕಿ ಬಾ” ಎಂದರು ನೇತ್ರಾವತಿ.

ಲಿಂಗಣ್ಣ ಗೊಣಗುತ್ತ ಹಜಾರದ ಪಕ್ಕದ ಬಾಗಿಲಿನಿಂದ ಹಿತ್ತಲಿಗೆ ಇಳಿದ. ಅಲ್ಲಿ ಇದ್ದದ್ದು ಒಂದು ತುಳಸಿಕಟ್ಟೆ, ಒಂದು ನಲ್ಲಿ, ತಾರಸಿಗೆ ಹತ್ತುವ ಕಬ್ಬಿಣದ ಮೆಟ್ಟಿಲು. ಮೆಟ್ಟಿಲಿನ ಕಂಬಿಯಲ್ಲಿ ಒಂದು ಕಡೆ ತುಕ್ಕು ಕೆರೆದು ಹೊಳೆಯುತ್ತಿತ್ತು. ಯಾರೋ ಬಕೆಟ್ಟು ತಾಗಿಸಿರಬೇಕು ಎಂದುಕೊಂಡ. ಬಂದು ಹಾಗೇ ಹೇಳಿದ. ನೇತ್ರಾವತಿ ಹೂಂ ಎಂದು ಮಹಡಿಗೆ ನಡೆದರು.

ವೀರೇಶ್ ಕಾಲು ಅಲುಗಾಡಿಸುತ್ತ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಅಗ್ಗದ ಗಿಟಾರು, ಸ್ಪೀಕರು, ಹಿಂದೆ ತಾರಸಿಗೆ ತೆರೆಯುವ ಬಾಗಿಲು. ನೆಲದ ಮೇಲೆ ಕಪ್ಪು ಬಣ್ಣ ಬಳಿದ ಊಟದ ಡಬ್ಬಿ. ಡಬ್ಬಿಯ ಮುಚ್ಚಳಕ್ಕೆ ಮೂರು ತಿರುಗಣೆ, ಕಾಲಲ್ಲಿ ಒತ್ತುವ ಒಂದು ಗುಂಡಿ.

“ನೀನೇ ಕಟ್ಟಿದ್ದೇನಪ್ಪ?” ಎಂದರು ನೇತ್ರಾವತಿ. “ಏನು ಮಾಡ್ತದೆ ಇದು?”

ಹುಡುಗನ ಮುಖ ಮೊದಲ ಸಲ ಅರಳಿತು. “ಡಿಲೇ ಪೆಡಲ್ ಆಂಟಿ. ಬಾರಿಸಿದ ಸ್ವರಾನ ಒಂಚೂರು ಹಿಡಿದಿಟ್ಕೊಂಡು ವಾಪಸ್ ಉಗುಳ್ತದೆ. ಗವಿಯೊಳಗೆ ಕೂಗಿದಂಗೆ. ಮೊದಲ ಚಿಪ್ ಬೆಸುಗೆ ಹಾಕುವಾಗ ಸುಟ್ಟೆ. ಎರಡನೇದಕ್ಕೆ ಉಲ್ಟಾ ಅಡಾಪ್ಟರ್ ಚುಚ್ಚಿ ಸುಟ್ಟೆ. ಇದು ಮೂರನೇದು. ಈ ತಿರುಗಣೆ, ಎಷ್ಟು ತಡವಾಗಿ ಉಗುಳಬೇಕು ಅನ್ನೋದಕ್ಕೆ. ನಡುವಿಂದು ಎಷ್ಟು ಸಲ. ಆಚೇದು ಎಷ್ಟು ಜೋರು.”

“ನಡುವಿಂದು ಪೂರ್ತಿ ತಿರುವಿದ್ರೆ?”

ಅಲುಗಾಡುತ್ತಿದ್ದ ಕಾಲು ನಿಂತಿತು. “ತಿರುವಬಾರದು ರಿ. ಸ್ಪೀಕರ್ ಹಾಳಾಗ್ತದೆ.”

“ಮಧ್ಯಾಹ್ನ ಎಷ್ಟೊತ್ತು ಬಾರಿಸಿದೆ?”

“ಅಪ್ಪ ಕೆಳಗೆ ಕೂಗೋವರೆಗೂ. ಒಂದು ಕ್ಷಣಾನೂ ನಿಲ್ಲಿಸಿಲ್ಲ.”

“ಈ ಕೋಣೆಗೆ ಬೇರೆ ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ಲ. ನನ್ನ ಡಬ್ಬಿ ಯಾರೂ ಮುಟ್ಟಂಗಿಲ್ಲ.”

ಲಿಂಗಣ್ಣನಿಗೂ ಕಂಡಿತು: ನಡುವಿನ ತಿರುಗಣೆಯ ಕಪ್ಪು ಮೈಗೆ ಬೂದು ಬೆರಳಚ್ಚು ಅಂಟಿತ್ತು. ಧೂಳು ಒರೆಸಿಡಬಾರದಾ ಎನ್ನಲು ಬಾಯಿ ತೆರೆದವನು ನೇತ್ರಾವತಿಯವರ ಕಣ್ಣು ನೋಡಿ ಮುಚ್ಚಿಕೊಂಡ.

ಅಡುಗೆಮನೆಯಲ್ಲಿ ಅಂಜಿನವ್ವನ ಬಾಯಿಗೆ ಬೀಗವಿರಲಿಲ್ಲ. “ಮಹಡಿ ಮೆಟ್ಟಿಲು ನನ್ನ ಕಣ್ಣೆದುರಿಗೇ ಐತಲ್ರಿ, ಯಾರೂ ಇಳಿದಿಲ್ಲ. ಮೇಲೆ ಗಡಿಗ್ಯಾಗೆ ಜೇನುಹುಳ ಹೊಕ್ಕಂಗೆ ಒಂದೇ ಸಮ ಗುಂಯ್. ದಿನಾ ಆದ್ರೆ ಒಂದು ತಪ್ಪಿಗೆ ಒಂದು ಬೈಗುಳ ಬೈಕೊಂತ ಬಾರಿಸ್ತಾನೆ, ಇವತ್ತು ಬೈಗುಳಾನೇ ಇಲ್ಲ. ಚಟ್ನಿ ರುಬ್ಬುತಿದ್ದೆ. ಠುಸ್ ಅಂತ ಕರೆಂಟು ಹೋಯ್ತು, ಕಣ್ಣು ಮಿಟುಕಿಸೋದ್ರಾಗೆ ಬಂತು. ಮಿಕ್ಸಿ ಮತ್ತೆ ತಿರುಗ್ತು. ರುಬ್ಬಿ ನಿಲ್ಲಿಸಿದ್ರೆ ಮನೆ ತಣ್ಣಗೆ. ಅಯ್ಯೋ ಪುಣ್ಯವೇ ಅಂದ್ಕೊಂಡೆ.”

ನೇತ್ರಾವತಿ ಒಂದು ಗುಟುಕು ನೀರು ಕುಡಿದರು. “ಎಲ್ಲರನ್ನೂ ಮೇಲಿನ ಕೋಣೆಗೆ ಕರಿ ಲಿಂಗಣ್ಣ.”

ಕೋಣೆ ಚಿಕ್ಕದು. ಅಂಬಿಕಾ ಬಾಗಿಲಿಗೆ ಒರಗಿದಳು. ಕರಿಬಸವರಾಜ ಗಡಿಯಾರ ನೋಡುತ್ತ ಅತ್ತಿತ್ತ ತಿರುಗುತ್ತಿದ್ದ. “ಆರ್ಕೆಸ್ಟ್ರಾದೋರ ವ್ಯಾನು ಆಗಲೇ ಹರಿಹರ ಮುಟ್ಟಿರ್ತದೆ. ಬೇಗ ಹೇಳ್ರಿ.”

ನೇತ್ರಾವತಿ ಅಗ್ಗದ ಗಿಟಾರಿನ ಒಂದು ತಂತಿ ಮೀಟಿ, ನಡುವಿನ ತಿರುಗಣೆಯನ್ನು ಕೊನೆಗೆ ತಿರುವಿ, ಕೈ ಕಟ್ಟಿಕೊಂಡು ಕೂತರು. ಸ್ವರ ಮರಳಿ ಬಂತು. ಮತ್ತೆ ಬಂತು. ಒಂದರ ಮೇಲೊಂದು ಬಿದ್ದು, ಅಂಚು ಸವೆದು, ಕೊನೆಗೆ ಗುಂಯ್ ಎಂಬ ಮೊರೆತವಾಗಿ ಕೋಣೆ ತುಂಬಿತು. ಯಾರೂ ಬಾರಿಸುತ್ತಿರಲಿಲ್ಲ.

“ಇದೇ ರಿ! ಇದೇ ಜೇನುಹುಳ!” ಎಂದಳು ಅಂಜಿನವ್ವ.

“ಲಿಂಗಣ್ಣ, ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕು.”

ಕರೆಂಟು ಹೋಯಿತು, ಬಂತು. ಫ್ಯಾನು ತಿರುಗಿತು, ಸ್ಪೀಕರಿನ ಕೆಂಪು ದೀಪ ಹೊತ್ತಿತು. ಸ್ವರ ಮಾತ್ರ ಬರಲಿಲ್ಲ.

“ಡಬ್ಬಿಯ ನೆನಪು ಕರೆಂಟಿನ ಜೊತೆಗೇ ಹೋಗ್ತದೆ” ಎಂದರು ನೇತ್ರಾವತಿ. “ಕೋಣ್ಯಾಗೆ ಮನುಷ್ಯ ಇದ್ದಿದ್ರೆ ಕರೆಂಟು ಬಂದ ಕೂಡ್ಲೆ ಮತ್ತೆ ಬಾರಿಸ್ತಿದ್ದ. ಒಂದು ಬೈಗುಳಾನಾದ್ರೂ ಬೈತಿದ್ದ. ನಿಲ್ಲಿಸೇ ಇಲ್ಲ ಅಂದ ಇವನಿಗೆ ಕರೆಂಟು ಹೋಗಿದ್ದೇ ಗೊತ್ತಿಲ್ಲ. ಯಾಕಂದ್ರೆ ಇವನು ಇಲ್ಲಿರಲಿಲ್ಲ. ತಾರಸಿಯಿಂದ ಕಬ್ಬಿಣದ ಮೆಟ್ಟಿಲಿಳಿದು ಹಜಾರಕ್ಕೆ ಹೋಗಿದ್ದ. ಗಿಟಾರಿನ ತಲೆಗೆ ಹತ್ತಿದ್ದು ಕುಂಕುಮ ಅಲ್ಲ ಲಿಂಗಣ್ಣ, ತುಕ್ಕು. ಕಂಬಿಗೆ ತಾಗಿದ ನಿನ್ನ ಬಕೆಟ್ಟು ಅಂದ್ರೆ ಈ ಗಿಟಾರೇ.”

ಲಿಂಗಣ್ಣ ಕಿವಿ ಕೆರೆದುಕೊಂಡ.

“ಇನ್ನು ಈ ತಿರುಗಣೆ. ಇದರ ಮೇಲಿರೋದು ವಿಭೂತಿ. ಈ ಹುಡುಗ ವಿಭೂತಿ ಮುಟ್ಟಿ ಎಷ್ಟು ಕಾಲ ಆಯ್ತು ಅಂತ ನೀವೇ ಹೇಳಿದ್ರಿ ಸಾವ್ಕಾರ್ರೆ. ಡಬ್ಬಿ ಬೇರೆಯೋರು ಮುಟ್ಟಿಲ್ಲ ಅಂತ ಅವನೇ ಹೇಳ್ದ. ಗಿಟಾರ್ ಹಿಡಿದ ಕೈಲೇ ಓಡಿಬಂದು ತಿರುಗಣೆ ಹಿಂದಕ್ಕೆ ತಿರುವಿದ್ದಾನೆ.”

ವೀರೇಶ್ ತಲೆ ಎತ್ತಲಿಲ್ಲ. “ಒಂದೇ ಸಲ ಡಬ್ಬಿಗೆ ಜೋಡಿಸಿ ಕೇಳಬೇಕಿತ್ತಪ್ಪಾ. ಒಳ್ಳೆ ಗಿಟಾರಿಗೆ ಇದು ಹೆಂಗೆ ಕೇಳಿಸ್ತದೆ ಅಂತ. ಕೇಳಿ ಅಲ್ಲೇ ಇಡೋನಿದ್ದೆ. ಅರ್ಧ ಮೆಟ್ಟಿಲು ಹತ್ತಿದ್ದೆ, ಮೇಲೆ ಸದ್ದು ನಿಂತುಬಿಡ್ತು. ನೀನು ಎದ್ದು ಬರ್ತೀಯ ಅಂತ ಗಾಬರಿಯಾಗಿ ತಿರುಗಿದೆ. ಕಂಬಿಗೆ ಬಡೀತು. ಮುರಿದದ್ದನ್ನ ಕುರ್ಚಿಗೇ ಒರಗಿಸಿ ಮೇಲೆ ಓಡಿದೆ.”

“ಮುರಿದದ್ದು ಕೈ ತಪ್ಪು” ಎಂದರು ನೇತ್ರಾವತಿ. “ಈ ಹುಡುಗಿನ ಬೈಯುವಾಗ ಮೇಲೆ ಸುಮ್ಮನೆ ಕೂತೆಯಲ್ಲ, ಅದು ಕೈ ತಪ್ಪಲ್ಲ.”

ಕರಿಬಸವರಾಜ ಮಗನ ಮೇಲೆ ಕೈ ಎತ್ತಿದ. ಲಿಂಗಣ್ಣ ಅದನ್ನು ಗಾಳಿಯಲ್ಲೇ ಹಿಡಿದ. “ಮೊದಲು ಆ ಮೊಬೈಲು ಎತ್ರಿ! ಬೈಗುಳ ಕಳಿಸಿದ ಬಾಯಾಗೇ ಇದನ್ನೂ ಹೇಳ್ರಿ!”

ಯಜಮಾನ ಗಂಟಲು ಸರಿಮಾಡಿಕೊಂಡು ಮೊಬೈಲು ಬಾಯಿಗೆ ಹಿಡಿದ. “ಮುರಿದೋನು ನನ್ನ ಮಗ. ಅಂಬಿಕಾದು ತಪ್ಪಿಲ್ಲ. ಮಾತು ವಾಪಸ್ ತಗಂಡೀನಿ.” ಕಳಿಸಿದ ಮೇಲೆ ಅವಳತ್ತ ತಿರುಗಿ, “ಆಯ್ತಲ್ಲವ್ವ? ಈ ಗಿಟಾರನ್ನೇ ಹಿಡ್ಕೊ. ಕಾರು ತೆಗೀತೀನಿ, ಹೊತ್ತಾಯ್ತು” ಎಂದ. ಕ್ಷಮಿಸು ಎಂಬ ಮಾತು ಅವನ ನಾಲಿಗೆಗೆ ಬರಲೇ ಇಲ್ಲ.

ಅಂಬಿಕಾ ಅಗ್ಗದ ಗಿಟಾರ್ ಎತ್ತಿಕೊಂಡಳು. “ಎಲ್ಲರೂ ಕೆಳಗೆ ನಡೀರಿ” ಎಂದಷ್ಟೇ ಹೇಳಿದಳು.

ಕೆಳಗೆ ಕರಿಬಸವರಾಜ ಕಾರಿನ ಕೀಲಿ ಹುಡುಕುತ್ತ ಕೋಣೆ ಕೋಣೆ ಅಲೆದ. ಮೇಲಿನಿಂದ ಒಂದು ಸ್ವರ ಕೇಳಿತು, ಮತ್ತೆ ಅದೇ ಸ್ವರ. “ಕೋಪ ಇಳೀತು ನೋಡ್ರಿ” ಎಂದ. ನೇತ್ರಾವತಿ ಕಣ್ಣು ಮುಚ್ಚಿ ಕೂತಿದ್ದರು. ಸ್ವರದ ಅಂಚು ಸವೆಯುತ್ತ ಬಂದಾಗ ಲಿಂಗಣ್ಣನಿಗೂ ಹೊಳೆಯಿತು. ದಡದಡನೆ ಹತ್ತಿ ಓಡಿದ. ಗಿಟಾರು ಮಂಚದ ಮೇಲೆ ಮಲಗಿತ್ತು. ತಾರಸಿಯ ಬಾಗಿಲು ತೆರೆದಿತ್ತು.

ಅವನು ಇಳಿದು ಬಂದು ಪಿಸುದನಿಯಲ್ಲಿ ಕೇಳಿದ: “ಅಮ್ಮೋರೆ, ಗೊತ್ತಿದ್ದೂ ಸುಮ್ಮನಿದ್ರಾ? ಡಬ್ಬಿ ಆರಿಸಲಾ?”

“ಬ್ಯಾಡ” ಎಂದರು ನೇತ್ರಾವತಿ. “ಆ ಹುಡುಗಿ ಹರಿಹರದ ಬಸ್ಸು ಹತ್ತಲಿ. ಅಲ್ಲೀವರೆಗೂ ಇರಲಿ.”

ಮೇಲೆ ಮೊರೆತ ಮನೆ ತುಂಬುತ್ತಿತ್ತು. ಕರಿಬಸವರಾಜ ಕೀಲಿ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು, “ಬಾರವ್ವ ಅಂಬಿಕಾ, ಬಾ” ಎಂದು ಕೂಗುತ್ತಲೇ ಇದ್ದ. ಅವಳು ಆ ಮನೆಗೆ ಮತ್ತೆ ಬರಲಿಲ್ಲ.