ಐದು ಡಿಗ್ರಿಯ ಗೆರೆ

ಆಗಸ್ಟ್ 26, ಸೋಮವಾರ. ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಕೊರಿಯಾದ ಬಂದರು ನಗರ ಬೂಸಾನಿನ ಯಂಗ್ದೋ ದ್ವೀಪದ ಠಾಣೆಗೆ ಔಷಧ ಅಂಗಡಿಯ ಚಾ ಬೊಂಗ್‌ನಾಮ್ ಬಂದರು. ಅರವತ್ತು ದಾಟಿದ ಹೆಂಗಸು. ಮೀನು ಒಯ್ಯುವ ಥರ್ಮಕೋಲ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದವರು ಅದನ್ನು ಇನ್‌ಸ್ಪೆಕ್ಟರ್ ಪ್ಯೋ ಮ್ಯಂಗ್‌ಹೀಯ ಮೇಜಿನ ಮೇಲೆ ಇಟ್ಟರು. ಒಳಗೆ ಏಳು ಇನ್ಸುಲಿನ್ ಸೀಸೆಗಳಿದ್ದವು.

“ಕೂತ್ಕೊಳ್ಳಿ. ನೀರು ಕೊಡ್ಲಾ?” ಎಂದಳು ಪ್ಯೋ.

“ನೀರು ಆಮೇಲೆ. ಮೊದಲು ಬರ್ಕೊಳ್ಳಿ. ಒಣಮೀನು ಮಾರೋ ಸೊಕ್ ಮಾಲ್ಜಾ ಶನಿವಾರ ತನ್ನ ಅಂಗಡಿ ಮುಂದೇನೇ ಕುಸಿದು ಬಿದ್ದಿದ್ದಾಳೆ. ರಕ್ತದಲ್ಲಿ ಸಕ್ಕರೆ ಆರುನೂರು. ಆಸ್ಪತ್ರೇಲಿದ್ದಾಳೆ, ಇನ್ನೂ ಪ್ರಜ್ಞೆ ಬಂದಿಲ್ಲ.”

“ಸೂಜಿ ಚುಚ್ಚಿಕೊಳ್ಳೋದು ಮರೆತಿರಬಹುದು.”

“ಮಾಲ್ಜಾ ಊಟ ಮರೆತಾಳು, ಸೂಜಿ ಮರೆಯೋಳಲ್ಲ. ಇನ್ನಿಬ್ಬರಿಗೂ ಹೀಗೇ ಆಗಿದೆ, ಅವರು ಬೇರೆ ಬೇರೆ ಅಂಗಡಿ ಗಿರಾಕಿಗಳು. ಮೂವರದೂ ಒಂದೇ ಬ್ಯಾಚಿನ ಮದ್ದು. ಬೆಳಕಿಗೆ ಹಿಡಿದು ನೋಡಿ.”

ಪ್ಯೋ ಒಂದು ಸೀಸೆಯನ್ನು ಕಿಟಕಿಯತ್ತ ಎತ್ತಿ ಹಿಡಿದಳು. ತಿಳಿನೀರಿನ ಹಾಗೆ ಇರಬೇಕಾದ ಮದ್ದಿನಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು.

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಪಂಚನಾಮೆ ನಡೆಸಿ ಸೀಸೆಗಳನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಬುಧವಾರ ಮಧ್ಯಾಹ್ನ ಬಂದ ವರದಿ ಎರಡೇ ಸಾಲಿನದು: ಮದ್ದು ಒಮ್ಮೆ ಹೆಪ್ಪುಗಟ್ಟಿ ಕರಗಿದೆ, ಕಸುವು ಅರ್ಧಕ್ಕಿಂತ ಹೆಚ್ಚು ಹೋಗಿದೆ.

ಅದೇ ದಿನ ಮೂರೂವರೆಗೆ ಪ್ಯೋ ಮತ್ತು ಕಾನ್‌ಸ್ಟೆಬಲ್ ಗಿಲ್, ಇನ್ಸುಲಿನ್ ತರಿಸಿದ್ದ ಆಮದು ಕಂಪನಿಯ ವ್ಯವಸ್ಥಾಪಕನ ಎದುರು ಕುಳಿತಿದ್ದರು. ಆ ಬ್ಯಾಚಿನ ನಾಲ್ಕು ಸಾವಿರದ ಇನ್ನೂರು ಸೀಸೆಗಳು ತೊಂಬತ್ತು ಅಂಗಡಿಗಳಿಗೆ ಹೋಗಿದ್ದವು.

“ಎಲ್ಲಾನೂ ಇವತ್ತೇ ವಾಪಸ್ ಕರೆಸಿ,” ಎಂದಳು ಪ್ಯೋ.

“ಯಾವ ಆಧಾರದ ಮೇಲೆ ಮೇಡಂ? ಹಡಗು ಹತ್ತಿದ ದಿನದಿಂದ ನಮ್ಮ ಗೋದಾಮಿನ ಬಾಗಿಲ ತನಕ ಹತ್ತು ನಿಮಿಷಕ್ಕೊಂದು ಸಲ ತಾಪಮಾನ ದಾಖಲಾಗಿದೆ. ಐದು ಡಿಗ್ರಿ ಆಸುಪಾಸು ಬಿಟ್ಟು ಎಲ್ಲೂ ಆಚೀಚೆ ಆಗಿಲ್ಲ. ಅಂಗಡಿಯವರೇ ಫ್ರೀಜರಿನಲ್ಲಿ ಇಟ್ಟಿರಬೇಕು.”

“ಮೂರು ಅಂಗಡಿಯವರು ಮಾತಾಡ್ಕೊಂಡು ಇಟ್ಟಿದ್ರಾ?” ಎಂದ ಗಿಲ್.

ವ್ಯವಸ್ಥಾಪಕ ನಗಲಿಲ್ಲ. “ದಾಖಲೆ ತಪ್ಪು ಅಂತ ತೋರಿಸಿ. ಆ ಗಳಿಗೇಲೇ ಕರೆಸ್ತೀನಿ. ಸರಿಯಾದ ಮದ್ದನ್ನ ಅಂಗಡಿಯಿಂದ ಎತ್ತಿಸಿದ್ರೆ ಜನ ಮದ್ದಿಲ್ಲದೆ ಸಾಯ್ತಾರೆ. ಆ ಪಾಪ ಯಾರದು?”

ಮಾತಿನಲ್ಲಿ ಹುರುಳಿತ್ತು. ಮೆಟ್ಟಿಲಿಳಿಯುವಾಗ ಪ್ಯೋ ಲೆಕ್ಕ ಹಾಕಿದಳು. ಆ ರಾತ್ರಿಯೇ ಎಷ್ಟು ಮಂದಿ ಆ ಸತ್ತ ಮದ್ದನ್ನು ಚುಚ್ಚಿಕೊಂಡು ನೆಮ್ಮದಿಯಾಗಿ ಮಲಗುತ್ತಾರೋ!

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವರು ಹೇದಾಮ್ ಸರಕು ಸಾಗಣೆ ಕಂಪನಿಗೆ ಹೋದರು. ಹಡಗಿನಲ್ಲಿ ಜಾಗ ಹಿಡಿದು, ಕಸ್ಟಮ್ಸ್ ಕಾಗದ ಮುಗಿಸಿ, ಬಂದರಿನಿಂದ ಗೋದಾಮಿನ ತನಕ ಕಂಟೇನರು ತಲುಪಿಸಿದ್ದು ಈ ಕಂಪನಿಯೇ. ಯಜಮಾನ ಯೊಮ್ ಜಿನ್‌ಹ್ಯೊಕ್‌ಗೆ ಇನ್ನೂ ನಲವತ್ತಾಗಿರಲಿಲ್ಲ. ಗೋಡೆಯಗಲದ ಪರದೆಯ ಮೇಲೆ ನೂರಾರು ಹಸಿರು ಚುಕ್ಕಿಗಳು ಮಿನುಗುತ್ತಿದ್ದವು.

“ನಮ್ಮಪ್ಪನ ಕಾಲದಲ್ಲಿ ಸರಕು ಎಲ್ಲಿದೆ ಅಂದ್ರೆ ‘ಬರ್ತಾ ಇದೆ’ ಅನ್ನೋದೊಂದೇ ಉತ್ತರ ಮೇಡಂ. ಈಗ ಹಡಗುಗಳು ಸುತ್ತು ದಾರಿ ಹಿಡಿದು ಬರ್ತವೆ. ಒಂದು ವಾರ ಒಂದೂ ಇಲ್ಲ, ಮರುವಾರ ಹತ್ತು ಒಟ್ಟಿಗೆ. ಬಂದರು ಉಸಿರು ಕಟ್ಟುತ್ತೆ. ಹಾಗಿದ್ರೂ ಪ್ರತಿ ಕಂಟೇನರಿನ ಒಳಗಿನ ತಾಪ ನಾನಿಲ್ಲೇ ಕೂತು ನೋಡ್ತೀನಿ.” ಬೆಂಕಿಪೆಟ್ಟಿಗೆಯಷ್ಟಿದ್ದ ಬಿಳಿ ಡಬ್ಬಿಯೊಂದನ್ನು ಅವನು ಅಂಗೈ ಮೇಲಿಟ್ಟು ತೋರಿಸಿದ. “ಸರಕಿನ ಜೊತೆ ಒಳಗಿಟ್ರೆ ತಾಪ ಬರ್ಕೊಂಡು ಇಲ್ಲಿಗೆ ಕಳಿಸುತ್ತೆ. ಇದು ಸುಳ್ಳು ಹೇಳಲ್ಲ.”

“ಕಂಟೇನರಿನ ತಂಪು ಯಂತ್ರದಲ್ಲೂ ದಾಖಲೆ ಇರುತ್ತಲ್ಲ?”

“ಇರುತ್ತೆ. ಆದರೆ ಆ ಕಂಟೇನರು ಈಗ ಪೆಸಿಫಿಕ್ ಸಾಗರದ ಮೇಲಿದೆ. ದಡ ಸೇರೋಕೆ ಇನ್ನೂ ಹನ್ನೆರಡು ದಿನ.”

ಪ್ಯೋ ಆ ಬ್ಯಾಚಿನ ದಾಖಲೆಯನ್ನು ಅಚ್ಚು ಹಾಕಿಸಿಕೊಂಡು ಠಾಣೆಗೆ ಬಂದಳು. ಮೇಜಿನುದ್ದಕ್ಕೂ ಹಾಳೆಗಳನ್ನು ಅಂಟಿಸಿ ಹರಡಿದಳು. ಹಡಗಿನ ಮೇಲಿದ್ದ ಹದಿನೈದು ದಿನವೂ ಗೆರೆ ಗೀಟುಗೋಲಿಟ್ಟು ಎಳೆದ ಹಾಗೆ ನೇರವಾಗಿತ್ತು. ಬಂದರಿಗೆ ಬಂದ ಮರುದಿನ, ಆಗಸ್ಟ್ 10ರ ಶನಿವಾರ ಬೆಳಿಗ್ಗೆ ಹತ್ತರ ನಂತರ, ಅದರಲ್ಲಿ ಪುಟ್ಟ ಪುಟ್ಟ ಉಬ್ಬುಗಳು. ಐದರಿಂದ ಆರಕ್ಕೆ, ಮತ್ತೆ ಐದಕ್ಕೆ. ಮಧ್ಯಾಹ್ನ ಎರಡರವರೆಗೆ ಒತ್ತೊತ್ತಾಗಿ. ಆಮೇಲೆ ಒಂದೂ ಇಲ್ಲ. ಭಾನುವಾರವಿಡೀ ನೇರ ಗೆರೆ. ಸೋಮವಾರ ಬೆಳಗಿನ ಜಾವ ಐದಕ್ಕೆ ಮತ್ತೆ ಉಬ್ಬು.

“ಬಾಗಿಲು ತೆಗೆದು ಹಾಕಿದ ಹಾಗಿದೆ,” ಎಂದಳು ಪ್ಯೋ.

“ಮೊಹರು ಹಾಕಿದ ಕಂಟೇನರಿನ ಬಾಗಿಲನ್ನ ಯಾರು ಅಷ್ಟು ಸಲ ತೆಗೀತಾರೆ ಮೇಡಂ? ಊಟದ ಹೊತ್ತಿಗೆ ಸರಿಯಾಗಿ ಬೇರೆ. ಇನ್ಸುಲಿನ್‌ಗೂ ಹಸಿವಾಗುತ್ತಾ?”

ತಮಾಷೆಗೆ ಅಂದ ಮಾತು. ಪ್ಯೋ ಉಬ್ಬುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು.

“ಗಿಲ್,” ಎಂದಳು ಪ್ಯೋ ನಿಧಾನವಾಗಿ, “ಆ ಡಬ್ಬಿ ಕಂಟೇನರಿನಲ್ಲಿ ಇರಲೇ ಇಲ್ಲ. ಯಾವುದೋ ಹೋಟೆಲಿನ ಫ್ರಿಜ್ಜಿನಲ್ಲಿತ್ತು.”

ಬಂದರಿನ ವಹಿಗಳನ್ನು ತರಿಸಿದರು. ಶನಿವಾರ 9.40ಕ್ಕೆ ಕಸ್ಟಮ್ಸ್ ತಪಾಸಣೆಗೆ ಮೊಹರು ಒಡೆದು ಬಾಗಿಲು ತೆರೆದಿದ್ದರು; ಹೇದಾಮ್ ಕಡೆಯಿಂದ ಹಾಜರಿದ್ದವನು ಮೇಲ್ವಿಚಾರಕ ಒಕ್ ಚಿಗೊನ್, ವಯಸ್ಸು ಐವತ್ತೇಳು. 11.20ರಿಂದ ಭಾನುವಾರ ಸಂಜೆ 7.05ರವರೆಗೆ ಕಂಟೇನರಿಗೆ ವಿದ್ಯುತ್ತೇ ಇರಲಿಲ್ಲ: ಹಡಗುಗಳ ನೂಕುನುಗ್ಗಲಿನಲ್ಲಿ ಪ್ಲಗ್ಗುಗಳೆಲ್ಲ ಭರ್ತಿ. ಸೋಮವಾರ ಗೋದಾಮಿನಲ್ಲಿ ಮೊದಲು ಬಾಗಿಲು ತೆರೆದವನೂ ಒಕ್ ಚಿಗೊನೇ.

“ಹಿಡ್ಕೊಂಡು ಬರೋಣ ಮೇಡಂ.”

“ಡಬ್ಬಿ ಕಂಟೇನರಿನಲ್ಲೇ ಇತ್ತು ಅಂದ್ರೆ ಏನ್ ಮಾಡ್ತೀಯ? ಮೊದಲು ಫ್ರಿಜ್ಜು ಹುಡುಕು. ಬೆಳಗಿನ ಜಾವ ಐದಕ್ಕೆ ಬಾಗಿಲು ತೆಗೆಯೋದು, ಶನಿವಾರ ಎರಡಕ್ಕೆ ಮುಚ್ಚೋದು, ಭಾನುವಾರ ರಜ.”

ಶುಕ್ರವಾರ ಬೆಳಿಗ್ಗೆ ಐದಕ್ಕೇ ಗಿಲ್ ಬಂದರಿನ ಗೇಟಿನ ಸುತ್ತ ಊಟದಂಗಡಿಗಳನ್ನು ಅಲೆದ. ಮೂರನೆಯದರಲ್ಲಿ ಲಾರಿ ಚಾಲಕರ ನಡುವೆ ಕುಳಿತು ಹಂದಿಮಾಂಸದ ಸಾರು, ಅನ್ನ ಹೇಳಿದ. ಬಡಿಸಿದವಳು ಅಂಗಿಯ ತೋಳು ಮಡಚಿದ ದಪ್ಪ ಹೆಂಗಸು.

“ಚಿಕ್ಕಮ್ಮಾ, ಭಾನುವಾರ ತೆಗೀತೀರಾ?”

“ಭಾನುವಾರ ದೇವರೂ ನಿದ್ದೆ ಮಾಡ್ತಾನೆ. ನಾನ್ಯಾಕೆ ಎದ್ದಿರ್ಲಿ?”

“ಹೇದಾಮ್ ಕಂಪನಿಯವರು ಯಾರಾದ್ರೂ ಇಲ್ಲಿಗೆ ಬರ್ತಾರಾ?”

“ನನ್ನ ತಮ್ಮ ಚಿಗೊನ್ ಅಲ್ಲೇ ಇರೋದು. ಯಾಕೆ, ಏನಾದ್ರೂ ಸರಕು ಕಳಿಸ್ಬೇಕಾ?”

ಗಿಲ್ ಚಮಚ ಕೆಳಗಿಟ್ಟ. ಒಂಬತ್ತೂವರೆಗೆ ಪ್ಯೋ ಇನ್ನಿಬ್ಬರು ಕಾನ್‌ಸ್ಟೆಬಲ್‌ಗಳೊಂದಿಗೆ ಬಂದಳು. ಒಕ್ ಬುನ್‌ನಾಮ್ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಹೌದು, ಬಿಳಿ ಡಬ್ಬಿ. ಅಕ್ಕಾ ಮುಟ್ಬೇಡ, ಸೋಮವಾರ ತಗೊಂಡ್ಹೋಗ್ತೀನಿ ಅಂದ. ಮೂಲಂಗಿ ಪಕ್ಕದಲ್ಲಿತ್ತು. ಏನಮ್ಮಾ ಅದು, ಬಾಂಬಾ?”

“ಅಲ್ಲ.”

“ಮತ್ತೆ ಇಷ್ಟು ಜನ ಪೊಲೀಸರು ಯಾಕೆ?”

ಪ್ಯೋ ಫ್ರಿಜ್ಜಿನ ಬಾಗಿಲು ತೆರೆದು ನೋಡಿದಳು. ಇಬ್ಬರು ಲಾರಿ ಚಾಲಕರನ್ನು ಪಂಚರನ್ನಾಗಿ ಕರೆದು, ಅಂಥದ್ದೇ ಇನ್ನೊಂದು ಡಬ್ಬಿಯನ್ನು 10.40ಕ್ಕೆ ಅದೇ ಫ್ರಿಜ್ಜಿನಲ್ಲಿ ಇಟ್ಟು ಎರಡೂವರೆಯವರೆಗೆ ಕಾದರು. ಬುನ್‌ನಾಮ್ ಮೂಲಂಗಿಗೆಂದು ಬಾಗಿಲು ತೆರೆದಾಗಲೆಲ್ಲ ಗಿಲ್ ವೇಳೆ ಗುರುತು ಹಾಕಿಕೊಂಡ. ಎರಡು ಗೆರೆಗಳನ್ನು ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳಂತಿದ್ದವು.

ಪಂಚನಾಮೆ 4.40ಕ್ಕೆ ಆಮದು ಕಂಪನಿಯನ್ನೂ ಔಷಧ ನಿಯಂತ್ರಣ ಇಲಾಖೆಯನ್ನೂ ತಲುಪಿತು. ವ್ಯವಸ್ಥಾಪಕ ಮಾತಿಗೆ ತಪ್ಪಲಿಲ್ಲ. 5.15ಕ್ಕೆ ಬ್ಯಾಚನ್ನು ವಾಪಸ್ ಕರೆಸುವ ಆದೇಶ ಹೊರಟಿತು. ಮಾರಾಟವಾಗಿದ್ದ ಸೀಸೆಗಳಿಗಾಗಿ ಕಾನ್‌ಸ್ಟೆಬಲ್‌ಗಳು ಪಟ್ಟಿ ಹಿಡಿದು ಮನೆಮನೆಗೆ ಹೋದರು. ಗುಡ್ಡದ ಮೇಲಿನ ಒಂದು ಮನೆಯಲ್ಲಿ ಗಿಲ್‌ಗೆ ಬಾಗಿಲು ತೆರೆದವಳು ಸೊಸೆ. ಮಾವ 22ನೇ ತಾರೀಖು ತೀರಿಕೊಂಡಿದ್ದರು. ವಯಸ್ಸಾಗಿತ್ತು ಅಂದುಕೊಂಡಿದ್ದರು. ಸೀಸೆ ಇನ್ನೂ ಫ್ರಿಜ್ಜಿನಲ್ಲಿತ್ತು. ಬಿಳಿ ಎಳೆಗಳಿದ್ದವು.

ಆಗಸ್ಟ್ 31, ಶನಿವಾರ ಬೆಳಿಗ್ಗೆ 6.20. ಒಕ್ ಚಿಗೊನ್ ಬಂದರಿನ ಶೀತಲ ಕಂಟೇನರುಗಳ ಸಾಲಿನಲ್ಲಿ ಪ್ಲಗ್ಗುಗಳನ್ನು ಒಂದೊಂದಾಗಿ ನೋಡುತ್ತ ನಡೆಯುತ್ತಿದ್ದ. ಅಕ್ಕ ರಾತ್ರಿಯೇ ಎಲ್ಲ ಹೇಳಿದ್ದಳು. ಆದರೂ ಕೆಲಸಕ್ಕೆ ಬಂದಿದ್ದ. ಪೊಲೀಸರನ್ನು ಕಂಡು ತಲೆ ಬಗ್ಗಿಸಿದ.

“ಬರ್ತೀನಿ ಮೇಡಂ. ಎಂಟನೇ ಸಾಲಿನ ಪ್ಲಗ್ಗು ಸಡಿಲ ಇದೆ. ಆ ಹುಡುಗರಿಗೆ ಹೇಳಿ ಬಂದ್ಬಿಡ್ಲಾ?”

“ಹೇಳಿ ಬನ್ನಿ,” ಎಂದಳು ಪ್ಯೋ. ಗಿಲ್ ಜೊತೆಯಲ್ಲಿ ಹೋದ.

ಠಾಣೆಯಲ್ಲಿ ಬಾರ್ಲಿ ಚಹಾ ಮುಟ್ಟದೆ ಅವನು ಉತ್ತರಿಸಿದ.

“ಡಬ್ಬಿ ಯಾಕೆ ತೆಗೆದ್ರಿ?”

“ತಪಾಸಣೆ ಆದ್ಮೇಲೆ ಜಾಗ ಬದಲಿಸ್ತೀವಿ, ಪ್ಲಗ್ಗು ಸಂಜೆಗೆ ಸಿಗುತ್ತೆ ಅಂದ್ರು. ಬಾಗಿಲು ಮುಚ್ಚಿದ್ರೆ ಒಳಗಿನ ತಂಪು ಅರ್ಧ ದಿನ ನಿಲ್ಲುತ್ತೆ, ಮದ್ದಿಗೇನೂ ಆಗಲ್ಲ. ಆದ್ರೆ ತಾಪ ಎಂಟು ದಾಟಿದ್ರೂ ಎರಡಕ್ಕಿಂತ ಕೆಳಗಿಳಿದ್ರೂ ಗಂಟೆ ಹೊಡೆಯುತ್ತೆ. ಹೊಡೆದ್ರೆ ನನ್ನ ಹೆಸರಿಗೆ ಒಂದು ಗುರುತು. ವರ್ಷಕ್ಕೆ ಮೂರಾದ್ರೆ ಮನೆಗೆ. ನಂದು ಆಗ್ಲೇ ಎರಡಾಗಿತ್ತು.”

“ಪ್ಲಗ್ಗು ಸಿಕ್ಕಿದ್ದು ಭಾನುವಾರ.”

“ಹ್ಞೂಂ. ಹಾಕಿದ್ದೀವಿ ಅಂತ ಫೋನ್ ಬಂತು. ನಿರಾಳ ಆಯ್ತು ನಂಗೆ. ಹೋಗಿ ನೋಡ್ಲಿಲ್ಲ. ಅದು ಮೀನಿನ ಕಂಟೇನರುಗಳ ಸಾಲು. ಮೀನಿಗೆ ಇಡೋ ಮೈನಸ್ ಹದಿನೆಂಟನ್ನೇ ಇದಕ್ಕೂ ಇಟ್ಬಿಟ್ಟಿದ್ರು.”

“ಡಬ್ಬಿ ಒಳಗೆ ಇದ್ದಿದ್ರೆ?”

ಅವನು ತಲೆಯೆತ್ತದೆ ಹೇಳಿದ. “ಭಾನುವಾರ ರಾತ್ರಿನೇ ಗಂಟೆ ಹೊಡೀತಿತ್ತು. ಓಡಿ ಹೋಗಿರ್ತಿದ್ದೆ.”

“ಸೋಮವಾರ ಬಾಗಿಲು ತೆಗೆದಾಗ ಏನು ಕಂಡ್ತು?”

“ಅಂಚಿನ ಪೆಟ್ಟಿಗೆಗಳ ಮೇಲೆ ಹಿಮ. ಕೈಯಿಂದ ಒರೆಸಿದೆ. ನಡುವಿನವು ಸರಿ ಇದ್ದವು. ಎಲ್ಲವೂ ಸರಿ ಇರಬಹುದು ಅಂತ… ಅಂದ್ಕೊಳ್ಳೋಕೆ ನೋಡಿದೆ. ಹೇಳಿದ್ರೆ ಡಬ್ಬಿ ವಿಷಯವೂ ಹೇಳ್ಬೇಕಾಗ್ತಿತ್ತು.” ತಲೆಯೆತ್ತಿದ. “ಆ ಒಣಮೀನಿನ ಅಮ್ಮ ಹೇಗಿದ್ದಾರೆ?”

“ಇನ್ನೂ ಪ್ರಜ್ಞೆ ಬಂದಿಲ್ಲ. ಇನ್ನೊಬ್ಬರು ತೀರಿಕೊಂಡಿದ್ದಾರೆ. ನೋ ಗಪ್ಸು. ಗುಡ್ಡದ ಮೇಲಿನ ಮನೆ.”

“ಕ್ರೇನ್ ಓಡಿಸ್ತಿದ್ದ ಗಪ್ಸು ಅಣ್ಣನಾ?”

ಪ್ಯೋ ಕಾಗದ ನೋಡಿದಳು. ವೃತ್ತಿಯ ಕಾಲಮ್ಮಿನಲ್ಲಿ ನಿವೃತ್ತ ಕ್ರೇನ್ ಚಾಲಕ ಎಂದಿತ್ತು. ಅವಳು ಹೌದೆಂದಳು. ಒಕ್ ಚಿಗೊನ್ ಹಿಮ ಒರೆಸಿದ ಆ ಕೈಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಮುದುಡಿದ.

ಹೇಳಿಕೆಗೆ 9.50ಕ್ಕೆ ಸಹಿಯಾಯಿತು. ಬಂಧನವನ್ನು ದಾಖಲಿಸಿದರು. ಸಾವಿಗೆ ಕಾರಣವಾದ ನಿರ್ಲಕ್ಷ್ಯ, ಸಾಕ್ಷ್ಯ ತಿರುಚಿದ್ದು ಎರಡನ್ನೂ ಎಫ್‌ಐಆರ್‌ಗೆ ಸೇರಿಸಿದರು. ಮೈನಸ್ ಹದಿನೆಂಟು ಇಟ್ಟ ಪಾಳಿಯವರ ಮೇಲೂ ವಿಚಾರಣೆ ಶುರುವಾಯಿತು. ಸೆಪ್ಟೆಂಬರ್ 2ರಂದು ಸೊಕ್ ಮಾಲ್ಜಾ ಕಣ್ಣು ಬಿಟ್ಟಳು. ಅಂಗಡಿಯ ಮೀನನ್ನು ಯಾರು ಒಳಗಿಟ್ಟರು ಎಂದು ಮೊದಲು ಕೇಳಿದಳಂತೆ. ಹನ್ನೆರಡನೆಯ ದಿನ ದಡ ಸೇರಿದ ಕಂಟೇನರಿನ ಯಂತ್ರವೂ ಒಕ್ ಚಿಗೊನ್ ಹೇಳಿದ್ದನ್ನೇ ಹೇಳಿತು.

ಆರೋಪಪಟ್ಟಿ ಕಳಿಸುವ ಮುನ್ನ ಪ್ಯೋ ಇನ್ನೊಮ್ಮೆ ಹೇದಾಮ್ ಕಂಪನಿಗೆ ಹೋಗಿ, ಅವನ ಹೆಸರಿನ ಮೊದಲ ಎರಡು ಗುರುತುಗಳ ದಾಖಲೆ ಕೇಳಿದಳು. ಯೊಮ್ ಪರದೆಯ ಮೇಲೆ ತೆರೆದು ತೋರಿಸಿದ. ಜನವರಿಯಲ್ಲಿ ಬಂದರಿನ ತಂತಿ ಸುಟ್ಟು ಒಮ್ಮೆ, ಮೇ ತಿಂಗಳಲ್ಲಿ ತಂಪು ಯಂತ್ರ ಕೆಟ್ಟು ಇನ್ನೊಮ್ಮೆ ಗಂಟೆ ಹೊಡೆದಿತ್ತು. ಎರಡು ಸಲವೂ ಒಕ್ ಚಿಗೊನ್ ಇಪ್ಪತ್ತು ನಿಮಿಷದೊಳಗೆ ಅಲ್ಲಿಗೆ ಓಡಿದ್ದ, ಸರಕು ಉಳಿದಿತ್ತು.

“ಉಳಿಸಿದ್ದು ಎಲ್ಲಿ ಬರೆದಿದೆ?” ಎಂದು ಪ್ಯೋ ಕೇಳಿದಳು.

ಯೊಮ್ ಪರದೆಯನ್ನು ಮೇಲೆ ಕೆಳಗೆ ಜರುಗಿಸಿದ. ಅದನ್ನು ಬರೆಯಲು ಆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.